ನುಂಗಿದ ಮೇಲೆ ಒಂದು ಮಾತು

ಡಂಡಿ ಊರಿನ ಹಿಲ್‌ಟೌನ್ ಏರಿನಲ್ಲಿ ನಮ್ಮ ಔಷಧದಂಗಡಿ.
ಒಂಬತ್ತಕ್ಕೆ ಶಟರ್ ಎತ್ತಿದರೆ
ಟೇ ನದಿಯ ಗಾಳಿ ನನಗಿಂತ ಮುಂಚೆ ಒಳನುಗ್ಗುತ್ತದೆ,
ಅದರ ಬೆನ್ನಿಗೇ ಇನ್ನಿಸ್.

ಮೂಗು ಸೋರುತ್ತಿದೆ. ಆಕಳಿಕೆಯ ಮೇಲೆ ಆಕಳಿಕೆ.
ರೋಮಾಂಚನವೆಂದರೆ ಹರ್ಷವೆಂದೇ ತಿಳಿದವರು
ಈ ಹೊತ್ತಿನಲ್ಲಿ ಅವನ ತೋಳು ನೋಡಬೇಕು.
ಕಾಲು ತಾನಾಗಿ ಒದೆಯುತ್ತದೆ ಕೌಂಟರಿನ ಕೆಳಹಲಗೆಯನ್ನು,
ಅಲ್ಲೊಂದು ಗುಳಿಯೇ ಬಿದ್ದಿದೆ.

ಅರವತ್ತು ಮಿಲಿ, ಹಸಿರು, ಪ್ಲಾಸ್ಟಿಕ್ ಬಟ್ಟಲಲ್ಲಿ.
ಕುಡಿಯುತ್ತಾನೆ. ನೀರು ಹಾಕಿ ಕಲಕಿ ಅದನ್ನೂ ಕುಡಿಯುತ್ತಾನೆ.
ಆಮೇಲೆ ನಿಯಮ:
ಒಂದು ಮಾತಾಡಬೇಕು.
ಬಾಯೊಳಗೇ ಇಟ್ಟುಕೊಂಡು ಹೋಗಿ
ಓಣಿಯಲ್ಲಿ ಉಗಿದು ಮಾರುವವರುಂಟು.
ಮಾತು ಹೊರಬಂದರೆ ಮದ್ದು ಒಳಹೋದ ಹಾಗೆ.

"ಚಳಿ, ಐಲ್ಸಾ." "ಸೋತರು ಮತ್ತೆ, ಎರಡು ಸೊನ್ನೆ."
"ನಾಯಿ ಸತ್ತಿತು."
ಏಳು ವರ್ಷ, ದಿನಕ್ಕೊಂದು ಮಾತು.
ಪೋಣಿಸಿದರೆ ಒಬ್ಬ ಮನುಷ್ಯನಾಗುತ್ತಾನೇನೋ.

ಒಮ್ಮೆ ಕೇಳಿದೆ, ಮೊದಲ ಸಲ ಹೇಗಿತ್ತು ಅಂತ.
"ಸ್ನಾನ ಮಾಡಿ ನಡುಗುತ್ತಾ ಬಂದಾಗ
ಅಮ್ಮ ರೇಡಿಯೇಟರಿನ ಮೇಲಿಂದ ತೆಗೆದು ಹೊದಿಸಿದ
ಬಿಸಿ ಟವೆಲ್ಲು. ಆದರೆ ಒಳಗಡೆಯಿಂದ."
ಎರಡನೆಯ ಸಲ?
"ಅದೇ ಟವೆಲ್ಲು. ಚೂರು ಒದ್ದೆ.
ಆಮೇಲೆ ಇಪ್ಪತ್ತೊಂದು ವರ್ಷ
ಒಣಗಿದ್ದು ಹುಡುಕಿದೆ."

ಕಾಲೇಜಿನ ಪುಸ್ತಕದಲ್ಲಿ ಬೀಗ, ಕೀಲಿ ಎಂದಿತ್ತು.
ಬೀಗವೇ ಸವೆದು
ಒಂದು ಕೀಲಿಗಲ್ಲದೆ ಇನ್ಯಾವುದಕ್ಕೂ,
ಬ್ರೆಡ್ಡಿನ ವಾಸನೆಗೂ, ಮಗಳ ನಗುವಿಗೂ
ತೆರೆಯದೇ ಹೋಗುವುದನ್ನು
ಬರೆದಿರಲಿಲ್ಲ.
ಕಣ್ಣಿನ ಪಾಪೆ ಸಾಸಿವೆಯಾಗುವುದು ಇತ್ತು;
ಸಾಸಿವೆಯಷ್ಟು ಕಿಂಡಿಯಿಂದ
ಜಗತ್ತು ಎಷ್ಟು ಕಂಡೀತೆಂಬುದು ಇರಲಿಲ್ಲ.
ಕರುಳು ಕಲ್ಲಾಗುತ್ತದೆ, ಹಲ್ಲು ಉದುರುತ್ತದೆ,
ಚರ್ಮದಡಿ ಇರುವೆ ಹರಿದಂತೆ ನವೆ.
ಇದೆಲ್ಲ ಇನ್ನಿಸ್ ನಗುತ್ತಲೇ ಹೇಳುತ್ತಿದ್ದ,
ಬಾಯಿಗೆ ಕೈ ಅಡ್ಡ ಹಿಡಿದು.

ಅವನ ತಂಗಿ ಶೋನಾಳದು ನೀಲಿ ಮಾತ್ರೆ.
ಯಾರದೋ ಗ್ಯಾರೇಜಿನಲ್ಲಿ,
ಸಿಮೆಂಟು ಕಲಸುವ ಯಂತ್ರದಲ್ಲಿ ಕಲಸಿದ್ದು.
ಅದು ಸುಖ ಕೊಡುವುದಿಲ್ಲ, ದಿನಗಳನ್ನು ಅಳಿಸುತ್ತದೆ.
ಮಂಗಳವಾರ ಮಲಗಿ ಶುಕ್ರವಾರ ಎದ್ದಳು ಒಮ್ಮೆ,
ಕಾಲಲ್ಲಿ ಯಾರದೋ ಬೂಟು.

ಕಳೆದ ಮಾರ್ಚಿನಲ್ಲಿ ಇವನೇ ಬಿದ್ದಿದ್ದ, ಹಿಂದಿನ ಓಣಿಯಲ್ಲಿ,
ಕಸದ ಡಬ್ಬಗಳ ನಡುವೆ.
ತುಟಿ ನೇರಳೆ. ನಿಮಿಷಕ್ಕೆ ಮೂರು ಉಸಿರು, ಆಮೇಲೆ ಎರಡು.
ಎದೆಗೆ ಏನೂ ಆಗಿರಲಿಲ್ಲ; ಗಾಳಿ ಬೇಕೆಂಬುದನ್ನೇ
ಮಿದುಳು ಮರೆತಿತ್ತು.
ಮೂಗಿಗೆ ಸ್ಪ್ರೇ ಒತ್ತಿದೆ, ಮಂಡಿಯೂರಿ ಎಣಿಸಿದೆ.
ಎದ್ದವನು ಉಗಿದ:
"ಯಾಕೆ ಕಿತ್ಕೊಂಡೆ?"
ಅದೂ ಒಂದು ಮಾತು. ಲೆಕ್ಕಕ್ಕೆ ಹಿಡಿದೆ.

ನಮ್ಮಿಬ್ಬರ ಅಜ್ಜಿಯರೂ ಸೆಣಬಿನ ಗಿರಣಿಯವರು.
ಮಗ್ಗಗಳ ಗದ್ದಲಕ್ಕೆ ಕಿವಿ ಕಳೆದುಕೊಂಡು
ಬರೀ ತುಟಿಯಲ್ಲಿ ಮಾತಾಡುತ್ತಿದ್ದವರು,
ಬಾಯಗಲಿಸಿ, ಸದ್ದಿಲ್ಲದೆ.
ಚರ್ಚಿನಲ್ಲೂ ಹಾಗೇ ಪಾದ್ರಿಯನ್ನು ಬೈಯುತ್ತಿದ್ದರು.

ಇವತ್ತು ಇನ್ನಿಸ್ ಬಂದ. ಮೂಗು ಸೋರುತ್ತಿತ್ತು,
ಎಂದಿನದೇ ಅಂದುಕೊಂಡೆ.
ಕುಡಿದ. ನೀರು ಕಲಕಿ ಕುಡಿದ.
ಕಾಯುತ್ತಾ ನಿಂತೆ.
ಗಂಟಲ ಗುಬ್ಬಿ ಏರಿತು, ಇಳಿಯಿತು.
ಧ್ವನಿ ಇಲ್ಲ.
ಹಿಂದಿನ ಸಾಲಿನವರು ಗಡಿಯಾರ ನೋಡಿದರು.

ಆಮೇಲೆ ಅವನ ತುಟಿ ಆಡಿತು,
ಗಿರಣಿಯ ಹೆಂಗಸರ ಹಾಗೆ, ನಿಧಾನ, ಅಗಲವಾಗಿ:
ಶೋನಾ ಹೋದಳು.

ಪುಸ್ತಕ ತೆರೆದೆ. ತಾರೀಖು, ಅರವತ್ತು ಮಿಲಿ.
"ಮಾತಾಡಿದ" ಎಂದು ಬರೆದು ಸಹಿ ಹಾಕಿದೆ.
ಅವನು ಇನ್ನೂ ಅಲ್ಲೇ ಇದ್ದ.
ಬಟ್ಟಲನ್ನು ಕೈಯಿಂದ ಬಿಡಿಸಿಕೊಳ್ಳಬೇಕಾಯಿತು.